ಮೊಟ್ಟೆಯೋ, ಬೆಣ್ಣೆಯೋ? ಹೃದಯಕ್ಕೆ ಹೊಂದುವ ತಟ್ಟೆ ಆರಿಸುವಾಗ

ಅಪ್ಪನಿಗೆ 58 ತುಂಬಿದ ವರ್ಷ ರಕ್ತ ಪರೀಕ್ಷೆಯಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಅನ್ನುವ ಎಲ್‌ಡಿಎಲ್ 168 ಅಂತ ಬಂತು. ಅವತ್ತೇ ಸಂಜೆ ಅಮ್ಮ ಫ್ರಿಜ್ಜಿನಲ್ಲಿದ್ದ ಮೊಟ್ಟೆಗಳನ್ನೆಲ್ಲ ತೆಗೆದು ಪಕ್ಕದ ಮನೆಗೆ ಕೊಟ್ಟುಬಿಟ್ಟರು. ಅಪ್ಪ ದಿನಾ ಬೆಳಿಗ್ಗೆ ಎರಡು ಬೇಯಿಸಿದ ಮೊಟ್ಟೆ ತಿನ್ನುತ್ತಿದ್ದರು. ಆ ಜಾಗಕ್ಕೆ ದೋಸೆ ಬಂತು. ನಾವು ದಾವಣಗೆರೆಯವರು. ದೋಸೆ ಅಂದ ಮೇಲೆ ಬೆಣ್ಣೆ ಇರಲೇಬೇಕು. ಹೆಂಚಿನ ಮೇಲೆ ಒಂದಿಷ್ಟು, ತಟ್ಟೆಗೆ ಬಂದ ಮೇಲೆ ಇನ್ನೊಂದು ಉಂಡೆ. ಮೂರು ತಿಂಗಳು ಹೀಗೇ ಪಥ್ಯ ಮಾಡಿದೆವು. ಮತ್ತೆ ರಕ್ತ ಕೊಟ್ಟಾಗ ಎಲ್‌ಡಿಎಲ್ 174.

ಡಾಕ್ಟರು ವರದಿ ನೋಡಿ, "ಯಜಮಾನ್ರೇ, ಏನು ಬಿಟ್ರಿ?" ಅಂತ ಕೇಳಿದರು.

"ಮೊಟ್ಟೆ ಪೂರ್ತಿ ಬಿಟ್ಟೀನ್ರೀ."

"ಅದರ ಬದಲಿಗೆ ಏನು ತಿಂದ್ರಿ?"

ಅಪ್ಪ ಅಮ್ಮನ ಮುಖ ನೋಡಿದರು. ಈ ಎರಡನೇ ಪ್ರಶ್ನೆ ನಮ್ಮ ಮನೆಯಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮೊಟ್ಟೆ ತಿನ್ನಬೇಕೋ ಬೇಡವೋ ಅಂತ ಯೋಚಿಸುವವರು ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ ಅಂತ ಈಗ ನನಗೆ ಗಟ್ಟಿಯಾಗಿ ಅನಿಸುತ್ತದೆ. ಮೊಟ್ಟೆಯನ್ನು ಯಾವುದರ ಜೊತೆ ಹೋಲಿಸುತ್ತಿದ್ದೀವಿ? ಅದರ ಪಕ್ಕದಲ್ಲಿ ತಟ್ಟೆಯಲ್ಲಿ ಇನ್ನೇನಿದೆ? ಅದು ಹೋದರೆ ಆ ಜಾಗಕ್ಕೆ ಏನು ಬರುತ್ತದೆ? ಮುಂದೆ ಬರೆದಿರುವುದೆಲ್ಲ ಈ ಲೆಕ್ಕದಲ್ಲೇ.

ಮೊಲದಿಂದ ಶುರುವಾದ ಭಯ

ಮೊಟ್ಟೆಯ ಮೇಲಿನ ಅನುಮಾನ ಅಮ್ಮನೊಬ್ಬರದಲ್ಲ, ನೂರು ವರ್ಷದ್ದು. 1913ರಲ್ಲಿ ರಷ್ಯಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಕೊಲಾಯ್ ಅನಿಚ್ಕೋವ್ ಅನ್ನುವ ವಿಜ್ಞಾನಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟ್ರಾಲನ್ನು ಮೊಲಗಳಿಗೆ ತಿನ್ನಿಸಿದರು. ಮೊಲಗಳ ರಕ್ತನಾಳದ ಗೋಡೆಗಳಲ್ಲಿ ಕೊಬ್ಬು ಕಟ್ಟಿಕೊಂಡಿತು. ರಕ್ತದಲ್ಲಿ ಕೊಲೆಸ್ಟ್ರಾಲ್ ಏರಿದರೆ ನಾಳ ಕೆಡುತ್ತದೆ ಅನ್ನುವ ಅವರ ಮಾತು ಇವತ್ತಿಗೂ ನಿಂತಿದೆ. ಆದರೆ ಮೊಲ ಸೊಪ್ಪು ಸದೆ ತಿಂದು ಬದುಕುವ ಪ್ರಾಣಿ. ಬಾಯಿಂದ ಒಳಗೆ ಹೋದ ಕೊಲೆಸ್ಟ್ರಾಲನ್ನು ನಿಭಾಯಿಸುವ ಅಭ್ಯಾಸ ಅದರ ಮೈಗಿಲ್ಲ. ಮನುಷ್ಯರ ಮೈಗಿದೆ.

1968ರಲ್ಲಿ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಒಂದು ಮಿತಿ ಹಾಕಿತು. ಊಟದಲ್ಲಿ ದಿನಕ್ಕೆ 300 ಮಿಲಿಗ್ರಾಂಗಿಂತ ಹೆಚ್ಚು ಕೊಲೆಸ್ಟ್ರಾಲ್ ಬೇಡ, ವಾರಕ್ಕೆ ಮೂರಕ್ಕಿಂತ ಹೆಚ್ಚು ಮೊಟ್ಟೆಯ ಹಳದಿ ಬೇಡ. ಸುಮಾರು 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ 186 ಮಿಲಿಗ್ರಾಂ ಕೊಲೆಸ್ಟ್ರಾಲ್ ಇದೆ, ಅಷ್ಟೂ ಹಳದಿಯಲ್ಲೇ. ಎರಡು ತಿಂದರೆ ಮಿತಿ ದಾಟಿತು. ಆ ಮಾತು ಜಗತ್ತೆಲ್ಲ ಸುತ್ತಿ ನಮ್ಮ ಊರಿನ ದವಾಖಾನೆಗಳವರೆಗೂ ಬಂತು. ಅಮೆರಿಕದ 2015ರ ಆಹಾರ ಮಾರ್ಗಸೂಚಿಯಲ್ಲಿ ಈ 300ರ ಮಿತಿಯನ್ನು ಕೈಬಿಟ್ಟರು. ಎಷ್ಟು ಬೇಕಾದರೂ ತಿನ್ನಿ ಅಂತ ಅದರ ಅರ್ಥವಲ್ಲ. ಕೊಲೆಸ್ಟ್ರಾಲ್ ಕಡಿಮೆ ಇರಲಿ ಅನ್ನುವ ಮಾತು ಅಲ್ಲಿ ಉಳಿದುಕೊಂಡಿತ್ತು. ಹೋದದ್ದು ಸಂಖ್ಯೆ ಮಾತ್ರ.

ಕಾರಣ ತಿಳಿಯಬೇಕಾದರೆ ಲಿವರ್ ಕಡೆ ನೋಡಬೇಕು. ನಮ್ಮ ಮೈಯಲ್ಲಿರುವ ಕೊಲೆಸ್ಟ್ರಾಲ್‌ನಲ್ಲಿ ಮುಕ್ಕಾಲು ಪಾಲನ್ನು ಮೈಯೇ ತಯಾರಿಸಿಕೊಳ್ಳುತ್ತದೆ. ಊಟದಿಂದ ಜಾಸ್ತಿ ಬಂದರೆ ಹೆಚ್ಚಿನವರ ಮೈ ತನ್ನ ತಯಾರಿಕೆಯನ್ನು ಕಡಿಮೆ ಮಾಡಿ ಸರಿದೂಗಿಸುತ್ತದೆ. ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ರಕ್ತದಲ್ಲಿ ಓಡಾಡುವ ಎಲ್‌ಡಿಎಲ್ ಕಣಗಳನ್ನು ಹಿಡಿದು ಒಳಗೆಳೆದುಕೊಳ್ಳಲು ಲಿವರ್‌ನ ಕೋಶಗಳ ಮೇಲೆ ಕೊಂಡಿಗಳಿರುತ್ತವೆ. ಇದನ್ನು ಕಂಡುಹಿಡಿದ ಮೈಕಲ್ ಬ್ರೌನ್ ಮತ್ತು ಜೋಸೆಫ್ ಗೋಲ್ಡ್‌ಸ್ಟೀನ್ ಅವರಿಗೆ 1985ರಲ್ಲಿ ನೊಬೆಲ್ ಬಂತು. ಬೆಣ್ಣೆ, ತುಪ್ಪ, ತೆಂಗಿನೆಣ್ಣೆ, ಪಾಮ್ ಎಣ್ಣೆಯಲ್ಲಿ ತುಂಬಿರುವ ಸ್ಯಾಚುರೇಟೆಡ್ ಕೊಬ್ಬು ಜಾಸ್ತಿಯಾದರೆ ಈ ಕೊಂಡಿಗಳು ಕಡಿಮೆಯಾಗುತ್ತವೆ. ಹಿಡಿಯುವ ಕೈ ಕಡಿಮೆಯಾದರೆ ಎಲ್‌ಡಿಎಲ್ ರಕ್ತದಲ್ಲೇ ಉಳಿಯುತ್ತದೆ. ಅಪ್ಪನ 174ರ ಹಿಂದೆ ಇದ್ದದ್ದು ಬಹುಶಃ ಇದೇ.

ಚಮಚದ ಲೆಕ್ಕ

ಡಾಕ್ಟರ ಮಾತು ಕೇಳಿ ಬಂದ ರಾತ್ರಿ ನಾನು ಅಡುಗೆಮನೆಯ ಚಿಕ್ಕ ತಕ್ಕಡಿ ಹೊರಗೆ ತೆಗೆದೆ. ಅಮ್ಮ ತುಪ್ಪದ ಗಿಂಡಿಯಲ್ಲಿ ಇಡುವ ಚಮಚ ಅಜ್ಜಿಯ ಕಾಲದ್ದು. ಹಿಡಿ ಸಣ್ಣದು, ಬಾಯಿ ಆಳ. "ದಿನಾ ಬಡಿಸೋ ಹಾಗೇ ಬಡಿಸಮ್ಮ" ಅಂತ ಬಟ್ಟಲು ಮುಂದಿಟ್ಟೆ. ಒಂದು ಸಲ ಬಗ್ಗಿಸಿದ್ದು 11 ಗ್ರಾಂ. ಮಧ್ಯಾಹ್ನ ಒಂದು ಸಲ, ರಾತ್ರಿ ಒಂದು ಸಲ. ಚಟ್ನಿಪುಡಿಗೆ ಕಲಸಿಕೊಳ್ಳುವುದು ಬೇರೆ.

ತುಪ್ಪದಲ್ಲಿ ನೂರಕ್ಕೆ ಸುಮಾರು 60 ಪಾಲು ಸ್ಯಾಚುರೇಟೆಡ್ ಕೊಬ್ಬು. ಅಂದರೆ ಆ ಒಂದು ಚಮಚದಲ್ಲಿ ಆರೂವರೆ ಗ್ರಾಂ. ಒಂದು ಇಡೀ ಮೊಟ್ಟೆಯಲ್ಲಿರುವುದು 1.6 ಗ್ರಾಂ. ಅಮ್ಮನ ಒಂದು ಚಮಚ ತುಪ್ಪ, ಈ ಲೆಕ್ಕದಲ್ಲಿ ನಾಲ್ಕು ಮೊಟ್ಟೆಗೆ ಸಮ. ಅಮ್ಮ ಸ್ವಲ್ಪ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ ತಾವೇ ಹಾಲಿನ ಪ್ಯಾಕೆಟ್ ತಂದು, "ಇದನ್ನೂ ನೋಡು" ಅಂದರು.

ಹಾಲಿನದೂ ಸಣ್ಣ ಲೆಕ್ಕವಲ್ಲ. ಫುಲ್ ಕ್ರೀಮ್ ಹಾಲಿನಲ್ಲಿ ಶೇ 6 ಕೊಬ್ಬು, ಟೋನ್ಡ್ ಹಾಲಿನಲ್ಲಿ ಶೇ 3. 200 ಮಿಲಿಯ ಒಂದು ಲೋಟ ಫುಲ್ ಕ್ರೀಮ್ ಹಾಲಿನಲ್ಲಿ ಏಳು ಗ್ರಾಂಗಿಂತ ಜಾಸ್ತಿ ಸ್ಯಾಚುರೇಟೆಡ್ ಕೊಬ್ಬಿದೆ. ಒಂದು ಮಾತನ್ನು ಇಲ್ಲಿ ಸೇರಿಸಬೇಕು. ಹಾಲು, ಮೊಸರಿನ ಕೊಬ್ಬು ಬೆಣ್ಣೆಯ ಕೊಬ್ಬಿನಷ್ಟು ಎಲ್‌ಡಿಎಲ್ ಏರಿಸುವುದಿಲ್ಲ. ಹಾಗಾಗಿ ಮೊಸರನ್ನ ಬಿಡಬೇಕಿಲ್ಲ. ಪ್ಯಾಕೆಟ್ ಬದಲಾಯಿಸಿದರೆ ಸಾಕು.

ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸ್ಯಾಚುರೇಟೆಡ್ ಕೊಬ್ಬು 22 ಗ್ರಾಂ ದಾಟಬಾರದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಶೇ 10ರ ಲೆಕ್ಕ. ಎಲ್‌ಡಿಎಲ್ ಇಳಿಸಲೇಬೇಕಾದವರಿಗೆ ಅಮೆರಿಕನ್ ಹಾರ್ಟ್ ಅಸೋಸಿಯೇಷನ್ ಹೇಳುವುದು ಸುಮಾರು 13 ಗ್ರಾಂ. ಅಪ್ಪನ ಎರಡು ಚಮಚ ತುಪ್ಪದಲ್ಲೇ ಅದು ಮುಗಿದುಹೋಗುತ್ತಿತ್ತು.

ಇದನ್ನು ನೇರವಾಗಿ ಪರೀಕ್ಷಿಸಿದವರೂ ಇದ್ದಾರೆ. 2025ರಲ್ಲಿ ಆಸ್ಟ್ರೇಲಿಯಾದ ಒಂದು ತಂಡ 61 ಜನರಿಗೆ ಬೇರೆ ಬೇರೆ ಊಟ ಕೊಟ್ಟು ನೋಡಿತು. ಸ್ಯಾಚುರೇಟೆಡ್ ಕೊಬ್ಬು ಕಡಿಮೆ ಇಟ್ಟು ದಿನಕ್ಕೆ ಎರಡು ಮೊಟ್ಟೆ ತಿಂದಾಗ, ಅವರ ಮಾಮೂಲಿ ಥರದ ಊಟಕ್ಕಿಂತ ಎಲ್‌ಡಿಎಲ್ ಸ್ವಲ್ಪ ಕಡಿಮೆ ಬಂತು. ಎಲ್‌ಡಿಎಲ್ ಏರಿಳಿತಕ್ಕೆ ತಳುಕು ಹಾಕಿಕೊಂಡಿದ್ದು ಕೊಲೆಸ್ಟ್ರಾಲ್ ಅಲ್ಲ, ಸ್ಯಾಚುರೇಟೆಡ್ ಕೊಬ್ಬು. ಆ ಅಧ್ಯಯನಕ್ಕೆ ಮೊಟ್ಟೆ ಉದ್ಯಮದ ಹಣ ಇತ್ತು ಅನ್ನುವುದನ್ನು ಓದುಗರು ತಿಳಿದಿರಬೇಕು. ಜನವೂ ಕಡಿಮೆ. ಆದರೂ ಅದು ಹೇಳಿದ್ದು ಹಳೆಯ ಅಧ್ಯಯನಗಳ ಮಾತಿಗೆ ಹೊಂದುತ್ತದೆ.

ಇಡೀ ಮೊಟ್ಟೆಯೋ, ಬರೀ ಬಿಳಿಯೋ

ಮದುವೆ ಮನೆ, ಹೋಟೆಲ್, ಎಲ್ಲಿ ನೋಡಿದರೂ ವಯಸ್ಸಾದವರು ಹಳದಿಯನ್ನು ತಟ್ಟೆಯ ಅಂಚಿಗೆ ಸರಿಸಿಟ್ಟಿರುತ್ತಾರೆ. ಅದರಲ್ಲಿ ಏನು ಹೋಯಿತು, ಏನು ಉಳಿಯಿತು ನೋಡೋಣ.

ಒಂದು ಮೊಟ್ಟೆಯ ಬಿಳಿಯಲ್ಲಿ 17 ಕ್ಯಾಲೊರಿ, ಮೂರೂವರೆ ಗ್ರಾಂ ಪ್ರೊಟೀನ್. ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು. ಹಳದಿಯಲ್ಲಿ 55 ಕ್ಯಾಲೊರಿ, ಇನ್ನು ಎರಡೂವರೆ ಗ್ರಾಂನಷ್ಟು ಪ್ರೊಟೀನ್, ಜೊತೆಗೆ ಬಿ12, ವಿಟಮಿನ್ ಡಿ, ಕೋಲೀನ್, ಕಣ್ಣಿಗೆ ಬೇಕಾದ ಲ್ಯೂಟೀನ್. ಅಂದರೆ ಹಳದಿ ಎಸೆದರೆ ಕೊಲೆಸ್ಟ್ರಾಲ್ ಜೊತೆ ಮೊಟ್ಟೆಯ ಒಳ್ಳೆಯ ಅಂಶಗಳಲ್ಲೂ ಬಹುಪಾಲು ಹೋಯಿತು. ಆರೋಗ್ಯವಾಗಿರುವವರು ದಿನಕ್ಕೆ ಒಂದು ಮೊಟ್ಟೆ ತಿನ್ನುವುದಾದರೆ ಹಳದಿ ಬಿಡುವ ಅಗತ್ಯ ನನಗೆ ಕಾಣುವುದಿಲ್ಲ.

ಬಿಳಿಗೂ ಅದರದ್ದೇ ಜಾಗ ಇದೆ. ದಿನಕ್ಕೆ ಮೂರು ನಾಲ್ಕು ಮೊಟ್ಟೆ ಬೇಕು ಅನ್ನುವ ವ್ಯಾಯಾಮದವರು, ಎಲ್‌ಡಿಎಲ್ ಜಾಸ್ತಿ ಇರುವವರು ಒಂದು ಇಡೀ ಮೊಟ್ಟೆಗೆ ಎರಡು ಬಿಳಿ ಸೇರಿಸಿಕೊಂಡರೆ ಚೆನ್ನಾಗಿ ಹೊಂದುತ್ತದೆ. ಆಮ್ಲೆಟ್ಟಿನ ರುಚಿಯೂ ಕೆಡುವುದಿಲ್ಲ. ಒಂದೇ ಒಂದು ಹಳದಿ ಸಾಕು ಬಣ್ಣಕ್ಕೆ, ಘಮಕ್ಕೆ. ಆದರೆ ಹಳದಿ ಬಿಟ್ಟು ಬಿಳಿಯನ್ನು ಬೆಣ್ಣೆಯಲ್ಲಿ ಹುರಿದರೆ ಆ ಶ್ರಮಕ್ಕೆ ಅರ್ಥವಿಲ್ಲ.

ಬೇಯಿಸಿದ್ದು, ಆಮ್ಲೆಟ್ಟು, ಬುರ್ಜಿ, ಪಫ್ಸು

ಬೇಯಿಸಿದ ಮೊಟ್ಟೆ ಒಂದಕ್ಕೆ 70 ಕ್ಯಾಲೊರಿ ಚಿಲ್ಲರೆ. ಅದಕ್ಕೆ ಏನೂ ಸೇರುವುದಿಲ್ಲ. ಮೆಣಸಿನ ಪುಡಿ, ಚಿಟಿಕೆ ಉಪ್ಪು, ಮುಗಿಯಿತು. ಮನೆಯ ಆಮ್ಲೆಟ್ಟಿಗೆ ಒಂದು ಟೀ ಚಮಚ ಶೇಂಗಾ ಎಣ್ಣೆ ಸಾಕು. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಧಾರಾಳವಾಗಿ ಬೀಳಲಿ. ಎಣ್ಣೆ ಮಾತ್ರ ಬಾಟಲಿಯಿಂದ ನೇರ ಸುರಿಯಬೇಡಿ, ಚಮಚದಲ್ಲಿ ಅಳೆಯಿರಿ.

ಗಾಡಿಯ ಬುರ್ಜಿ ಬೇರೆಯೇ ತಿನಿಸು. ಅಗಲ ಕಾವಲಿಯ ಮೇಲೆ ಎಣ್ಣೆ, ಮೇಲಿಂದ ಬೆಣ್ಣೆ, ಪಕ್ಕದಲ್ಲಿ ಬೆಣ್ಣೆ ಸವರಿ ಸುಟ್ಟ ಪಾವ್. ಅಲ್ಲಿ ಮೊಟ್ಟೆಯ ಪಾಲಿಗಿಂತ ಉಳಿದದ್ದರ ಪಾಲೇ ದೊಡ್ಡದು. ಅದನ್ನು ತಿಂದು ಎಲ್‌ಡಿಎಲ್ ಏರಿದರೆ ಮೊಟ್ಟೆಯ ಮೇಲೆ ಗೂಬೆ ಕೂರಿಸುವುದು ನ್ಯಾಯವಲ್ಲ.

ಬೇಕರಿಯ ಎಗ್ ಪಫ್ಸ್ ಬಗ್ಗೆ ನನಗೆ ಇನ್ನೂ ಚಿಂತೆ. ಪದರ ಪದರವಾಗಿ ಬಿಚ್ಚಿಕೊಳ್ಳುವ ಆ ಮೈದಾ ಹೊದಿಕೆ ಗಟ್ಟಿ ಕೊಬ್ಬಿಲ್ಲದೆ ಆಗುವುದಿಲ್ಲ. ಒಳಗೆ ಅರ್ಧ ಮೊಟ್ಟೆ ಇರುತ್ತದೆ ಅಷ್ಟೆ. ಹಿಂದೆ ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬು ವಿಪರೀತ ಇರುತ್ತಿತ್ತು. ಅದು ಎಲ್‌ಡಿಎಲ್ ಏರಿಸಿ, ಒಳ್ಳೆಯದು ಅನ್ನುವ ಎಚ್‌ಡಿಎಲ್ ಇಳಿಸುವ ಕೊಬ್ಬು. 2022ರ ಜನವರಿಯಿಂದ ಅದು ಶೇ 2 ದಾಟಬಾರದು ಅಂತ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ ನಿಯಮ ತಂದಿದೆ. ಅದರಿಂದ ಒಳ್ಳೆಯದಾಗಿದೆ. ಆದರೆ ಟ್ರಾನ್ಸ್ ಹೋದರೂ ಸ್ಯಾಚುರೇಟೆಡ್ ಕೊಬ್ಬು ಆ ಪದರಗಳಲ್ಲಿ ಉಳಿದೇ ಇರುತ್ತದೆ.

ಮೊಟ್ಟೆಯ ಬದಲು ಏನು?

ಮೊಟ್ಟೆ ತಿನ್ನದ ಮನೆಗಳು ನಮ್ಮಲ್ಲಿ ಬಹಳ. ಅವರು ಏನೂ ಕಳೆದುಕೊಂಡಿಲ್ಲ. ಆದರೆ ಸಸ್ಯಾಹಾರ ಅಂದಮಾತ್ರಕ್ಕೆ ಹೃದಯಕ್ಕೆ ಹಿತ ಅಂದುಕೊಂಡರೆ ಮೋಸ ಹೋಗುತ್ತೇವೆ. ಮೊಟ್ಟೆಯ ಜಾಗಕ್ಕೆ ಕಾಳು ಬರುವುದು ಬೇರೆ, ಮೈದಾ, ಸಕ್ಕರೆ, ಬೆಣ್ಣೆ ಬರುವುದು ಬೇರೆ.

ನನ್ನ ಲೆಕ್ಕದಲ್ಲಿ ಮೊದಲ ಜಾಗ ಕಾಳಿಗೆ. ಬೇಯಿಸಿದ ಹೆಸರುಕಾಳು ನೂರು ಗ್ರಾಂನಲ್ಲಿ ಏಳು ಗ್ರಾಂ ಪ್ರೊಟೀನ್, ಅಂದರೆ ಒಂದು ಮೊಟ್ಟೆಗಿಂತ ಒಂದು ಕೈ ಮೇಲೆ. ಕೊಲೆಸ್ಟ್ರಾಲ್ ಇಲ್ಲ, ನಾರು ತುಂಬಿದೆ. ಈ ನಾರು ಕರುಳಿನಲ್ಲಿ ಪಿತ್ತರಸವನ್ನು ಹಿಡಿದಿಟ್ಟುಕೊಂಡು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ಮಾಡಲು ಲಿವರ್ ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳಬೇಕಾಗುತ್ತದೆ. ದಿನಕ್ಕೆ ಸುಮಾರು 130 ಗ್ರಾಂ ಬೇಯಿಸಿದ ಕಾಳು ತಿಂದವರಲ್ಲಿ ಎಲ್‌ಡಿಎಲ್ ಶೇ 5ರಷ್ಟು ಇಳಿದದ್ದನ್ನು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ ವಿಶ್ಲೇಷಣೆಯೊಂದು ತೋರಿಸಿದೆ. 130 ಗ್ರಾಂ ಅಂದರೆ ಒಂದು ಬಟ್ಟಲು ಉಸಲಿ. ಹುರುಳಿಕಾಳು, ಅಲಸಂದೆ, ಅವರೆಕಾಳು, ಮಡಕೆಕಾಳು, ಯಾವುದಾದರೂ ಆದೀತು. ಓಟ್ಸ್ ಮತ್ತು ಬಾರ್ಲಿಯಲ್ಲಿರುವ ಬೀಟಾ ಗ್ಲೂಕನ್ ಅನ್ನುವ ನಾರಿಗೂ ಇದೇ ಗುಣ. ದಿನಕ್ಕೆ 3 ಗ್ರಾಂ ಬೇಕು, ಅದಕ್ಕೆ ಸುಮಾರು 75 ಗ್ರಾಂ ಒಣ ಓಟ್ಸ್ ಬೇಕಾಗುತ್ತದೆ. ರವೆಯ ಬದಲು ಓಟ್ಸ್ ಹಾಕಿ ಬೀನ್ಸ್, ಕ್ಯಾರೆಟ್ ಜೊತೆ ಉಪ್ಪಿಟ್ಟು ಮಾಡಿದರೆ ಅಪ್ಪನೂ ತಿನ್ನುತ್ತಾರೆ.

ಶೇಂಗಾ ಒಂದು ಹಿಡಿಯಲ್ಲಿ ಏಳು ಗ್ರಾಂ ಪ್ರೊಟೀನ್ ಇದೆ. ಕೊಬ್ಬು ಜಾಸ್ತಿ, ಆದರೆ ಹೆಚ್ಚಿನದು ಒಳ್ಳೆಯ ಜಾತಿಯದು. ಒಂದು ಹಿಡಿಗೆ 160 ಕ್ಯಾಲೊರಿ ಅನ್ನುವುದು ನೆನಪಿರಲಿ, ಎರಡನೇ ಹಿಡಿ ತಾನಾಗೇ ಬಾಯಿಗೆ ಹೋಗುತ್ತದೆ.

ಪನೀರ್ ಪ್ರೊಟೀನ್ ಕೊಡುತ್ತದೆ ನಿಜ. ಆದರೆ ಮಾಮೂಲಿ ಪನೀರ್ 50 ಗ್ರಾಂ ತಿಂದರೆ ಆರು ಗ್ರಾಂನಷ್ಟು ಸ್ಯಾಚುರೇಟೆಡ್ ಕೊಬ್ಬು ಬರುತ್ತದೆ. ಹಳದಿಗೆ ಹೆದರಿ ದಿನಾ ಪನೀರ್ ಬಟರ್ ಮಸಾಲ ತಿನ್ನುವವರು ಇದನ್ನು ಯೋಚಿಸಬೇಕು.

ಬಿಳಿ ಅನ್ನ, ರವೆ, ಬ್ರೆಡ್ಡು, ಸಕ್ಕರೆ ಹಾಕಿದ ಟೀ ಇವುಗಳಲ್ಲಿ ಕೊಲೆಸ್ಟ್ರಾಲ್ ಸೊನ್ನೆ. ಆದರೂ ಮೊಟ್ಟೆಯ ಜಾಗಕ್ಕೆ ಇವು ಬಂದರೆ ಲಾಭ ಇಲ್ಲ. ನಮ್ಮ ದೇಶದವರ ಕ್ಯಾಲೊರಿಯಲ್ಲಿ ಶೇ 62 ಕಾರ್ಬೋಹೈಡ್ರೇಟ್‌ನಿಂದಲೇ ಬರುತ್ತಿದೆ ಅಂತ ದೇಶದ ಸಕ್ಕರೆ ಕಾಯಿಲೆಯ ಲೆಕ್ಕ ಹಾಕುವ ಐಸಿಎಂಆರ್-ಇಂಡಿಯಾಬ್ ಸಮೀಕ್ಷೆ ಹೇಳಿದೆ. ರಕ್ತದಲ್ಲಿರುವ ಇನ್ನೊಂದು ಕೊಬ್ಬು ಟ್ರೈಗ್ಲಿಸರೈಡ್ ಜಾಸ್ತಿ, ಎಚ್‌ಡಿಎಲ್ ಕಡಿಮೆ, ಹೊಟ್ಟೆ ಸುತ್ತ ಬೊಜ್ಜು. ನಮ್ಮ ಕಡೆಯ ವರದಿಗಳಲ್ಲಿ ಸಾಮಾನ್ಯವಾಗಿ ಕಾಣುವ ಚಿತ್ರ ಇದು.

ಎಣ್ಣೆಯ ಬಗ್ಗೆ ಎರಡು ಮಾತು. ಪ್ಯಾಕೆಟ್ ಮೇಲೆ "ಕೊಲೆಸ್ಟ್ರಾಲ್ ಇಲ್ಲ" ಅಂತ ದೊಡ್ಡದಾಗಿ ಬರೆದಿರುತ್ತದೆ. ಗಿಡದಿಂದ ಬಂದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನೋಡಬೇಕಾದದ್ದು ಹಿಂಬದಿಯ ಸ್ಯಾಚುರೇಟೆಡ್ ಕೊಬ್ಬಿನ ಸಾಲು. ತೆಂಗಿನೆಣ್ಣೆಯಲ್ಲಿ ಅದು ಶೇ 80ಕ್ಕೂ ಜಾಸ್ತಿ, ಪಾಮ್ ಎಣ್ಣೆಯಲ್ಲಿ ಸುಮಾರು 50, ಶೇಂಗಾ ಎಣ್ಣೆಯಲ್ಲಿ 20ರ ಒಳಗೆ, ಸೂರ್ಯಕಾಂತಿಯಲ್ಲಿ 11ರ ಆಸುಪಾಸು. ನಾಲ್ಕು ಜನರ ಮನೆಯಲ್ಲಿ ತಿಂಗಳಿಗೆ ಐದು ಲೀಟರ್ ಕ್ಯಾನ್ ಖಾಲಿಯಾದರೆ ಒಬ್ಬರಿಗೆ ದಿನಕ್ಕೆ 38 ಗ್ರಾಂ ಬಿತ್ತು ಅಂತ ಲೆಕ್ಕ. ಸಂಜೆಯ ಮಂಡಕ್ಕಿ ಮೆಣಸಿನಕಾಯಿ ಹೊರಗೆ ತಿಂದದ್ದು ಇದರಲ್ಲಿ ಸೇರಿಲ್ಲ.

ನಾಟಿ, ಫಾರಂ, ಕಂದು, ಬಿಳಿ

ಚಿಪ್ಪಿನ ಬಣ್ಣ ಕೋಳಿಯ ತಳಿಯದ್ದು, ಹಳದಿಯ ಬಣ್ಣ ಅದು ತಿಂದ ಮೇವಿನದ್ದು. ಕಂದು ಮೊಟ್ಟೆಗೆ ಜಾಸ್ತಿ ದುಡ್ಡು ಕೊಟ್ಟರೆ ಕೊಲೆಸ್ಟ್ರಾಲ್ ಕಡಿಮೆಯಾಗುವುದಿಲ್ಲ. ನಾಟಿ ಮೊಟ್ಟೆ ರುಚಿಗೆ ತಿನ್ನಿ. ಬಾತುಕೋಳಿ ಮೊಟ್ಟೆ ಮಾತ್ರ ಹುಷಾರು, ಒಂದರಲ್ಲೇ 600 ಮಿಲಿಗ್ರಾಂ ದಾಟುತ್ತದೆ. ಚಿಕ್ಕ ಕ್ವೈಲ್ ಮೊಟ್ಟೆ ಐದು ಸೇರಿದರೆ ಒಂದು ಕೋಳಿಮೊಟ್ಟೆಯ ತೂಕ, ಆದರೆ ಕೊಲೆಸ್ಟ್ರಾಲ್ ಸುಮಾರು ಎರಡರಷ್ಟು.

ಯಾರಿಗೆ ಎಷ್ಟು

ಅಧ್ಯಯನಗಳು ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ಸುಮಾರು 29,600 ಜನರ ಮಾಹಿತಿ ನೋಡಿದ 2019ರ ವರದಿಯಲ್ಲಿ ದಿನಕ್ಕೆ ಪ್ರತಿ ಅರ್ಧ ಮೊಟ್ಟೆ ಹೆಚ್ಚಿದಂತೆ ಹೃದಯದ ಕಾಯಿಲೆಯ ಅಪಾಯ ಶೇ 6 ಏರಿತ್ತು. ಚೀನಾದಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನರನ್ನು ನೋಡಿದ 2018ರ ವರದಿಯಲ್ಲಿ ದಿನಾ ಮೊಟ್ಟೆ ತಿನ್ನುವವರಿಗೇ ಅಪಾಯ ಕಡಿಮೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಸಂಸ್ಥೆ ಕೂಡ ಪಾಲ್ಗೊಂಡಿರುವ, ಹಲವು ದೇಶಗಳ ಜನರ ಊಟ ಮತ್ತು ಆರೋಗ್ಯ ನೋಡುವ ಪ್ಯೂರ್ ಅಧ್ಯಯನದ 2020ರ ವರದಿಯಲ್ಲಿ, 50 ದೇಶಗಳ ಜನರಲ್ಲಿ, ಹೇಳಿಕೊಳ್ಳುವ ಸಂಬಂಧವೇ ಕಾಣಲಿಲ್ಲ. ನನಗೆ ಇದು ಗೊಂದಲ ಅನಿಸುವುದಿಲ್ಲ. ಅಮೆರಿಕದ ತಟ್ಟೆಯಲ್ಲಿ ಮೊಟ್ಟೆಯ ಪಕ್ಕ ಬೇಕನ್, ಸಾಸೇಜ್, ಬೆಣ್ಣೆ ಸವರಿದ ಬ್ರೆಡ್ಡು ಇರುವುದು ಮಾಮೂಲಿ. ಚೀನಾದ ಹಳ್ಳಿಯಲ್ಲಿ ಮೊಟ್ಟೆ ಇಲ್ಲದಿದ್ದರೆ ಬರೀ ಅನ್ನವೋ ನೂಡಲ್ಸೋ. ಡಾಕ್ಟರ ಎರಡನೇ ಪ್ರಶ್ನೆ ಇಲ್ಲೂ ಬಂದು ನಿಲ್ಲುತ್ತದೆ.

ಆರೋಗ್ಯವಾಗಿರುವ ದೊಡ್ಡವರು ದಿನಕ್ಕೆ ಒಂದು ಇಡೀ ಮೊಟ್ಟೆ ತಿನ್ನಬಹುದು ಅನ್ನುವುದು ಅಮೆರಿಕನ್ ಹಾರ್ಟ್ ಅಸೋಸಿಯೇಷನ್‌ನ ಈಗಿನ ಸಲಹೆ. ಎಲ್‌ಡಿಎಲ್ ಜಾಸ್ತಿ ಇರುವವರು, ಅದರಲ್ಲೂ ಸಕ್ಕರೆ ಕಾಯಿಲೆ ಜೊತೆಗಿರುವವರು ಹಿಡಿತದಲ್ಲಿರಬೇಕು. ಸ್ಟೆಂಟ್ ಹಾಕಿಸಿಕೊಂಡವರು ತಮ್ಮ ಡಾಕ್ಟರನ್ನು ಕೇಳಿಯೇ ಎಷ್ಟು ಅಂತ ಗೊತ್ತು ಮಾಡಿಕೊಳ್ಳಲಿ.

ಇನ್ನೊಂದು ಗುಂಪಿದೆ. ಹುಟ್ಟಿನಿಂದಲೇ ಎಲ್‌ಡಿಎಲ್ ವಿಪರೀತ ಇರುವವರು, 190 ದಾಟಿದವರು, ಮನೆಯಲ್ಲಿ ಚಿಕ್ಕ ವಯಸ್ಸಿಗೇ ಹೃದಯಾಘಾತ ಆದವರಿರುವವರು. ಸುಮಾರು 250 ಜನರಲ್ಲಿ ಒಬ್ಬರಿಗೆ ಇಂಥ ವಂಶದ ತೊಂದರೆ ಇರುತ್ತದೆ. ಅವರ ಲಿವರ್‌ನ ಆ ಕೊಂಡಿಗಳೇ ಸರಿಯಿರುವುದಿಲ್ಲ. ಊಟ ಬದಲಿಸಿದರೆ ಸಾಲದು, ಗುಳಿಗೆ ಬೇಕೇ ಬೇಕು. ದಯವಿಟ್ಟು ಪಥ್ಯ ನಂಬಿ ಗುಳಿಗೆ ನಿಲ್ಲಿಸಬೇಡಿ.

ಮಕ್ಕಳ ವಿಷಯಕ್ಕೆ ಈ ಭಯವನ್ನು ತರಲೇಬಾರದು. ನಮ್ಮ ಸರ್ಕಾರಿ ಶಾಲೆಗಳಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಿಂದ ವಾರಕ್ಕೆ ಆರು ದಿನ ಮೊಟ್ಟೆ ಕೊಡುವ ಕೆಲಸ 2024ರಲ್ಲಿ ಶುರುವಾಯಿತು. ತಿನ್ನದವರಿಗೆ ಬಾಳೆಹಣ್ಣು. ಬೆಳೆಯುವ ಮಗುವಿಗೆ, ಅದರಲ್ಲೂ ಮನೆಯಲ್ಲಿ ಅನ್ನ ಸಾರು ಮಾತ್ರ ಸಿಗುವ ಮಗುವಿಗೆ, ಆ ಒಂದು ಮೊಟ್ಟೆ ಬಹಳ ದೊಡ್ಡದು.

ನಮ್ಮ ಮನೆಯ ತಟ್ಟೆ

ಅಪ್ಪನಿಗೆ ಡಾಕ್ಟರು ಗುಳಿಗೆ ಬರೆದುಕೊಟ್ಟರು, ವಾರಕ್ಕೆ ನಾಲ್ಕು ಇಡೀ ಮೊಟ್ಟೆ ಸಾಕು ಅಂದರು. ಈಗ ಮಂಗಳವಾರ, ಗುರುವಾರ, ಶುಕ್ರವಾರ, ಭಾನುವಾರ ಒಂದೊಂದು ಬೇಯಿಸಿದ ಮೊಟ್ಟೆ, ಜೊತೆಗೆ ಒಂದು ಬಟ್ಟಲು ಉಸಲಿ. ಉಳಿದ ದಿನ ಓಟ್ಸ್ ಉಪ್ಪಿಟ್ಟು, ಇಲ್ಲವೇ ರಾಗಿ ದೋಸೆ, ಶೇಂಗಾ ಚಟ್ನಿ. ಬೆಣ್ಣೆ ದೋಸೆ ತಿಂಗಳಿಗೆ ಒಂದು ಸಲ, ಹೋಟೆಲಿನಲ್ಲೇ ಹೋಗಿ ತಿಂದು ಬರುತ್ತಾರೆ. ಅಜ್ಜಿಯ ಚಮಚವನ್ನು ಅಮ್ಮ ದೇವರ ಮನೆಯ ಎಣ್ಣೆ ಬಟ್ಟಲಿಗೆ ಕೊಟ್ಟಿದ್ದಾರೆ. ತುಪ್ಪದ ಗಿಂಡಿಯಲ್ಲಿ ಈಗ ಇರುವುದು ಟೀ ಚಮಚ.

ಎರಡು ತಿಂಗಳ ನಂತರದ ವರದಿಯಲ್ಲಿ ಎಲ್‌ಡಿಎಲ್ 104 ಇತ್ತು. ಅದರಲ್ಲಿ ಗುಳಿಗೆಯ ಪಾಲು ದೊಡ್ಡದು ಅಂದರು ಡಾಕ್ಟರು, ಇನ್ನೂ ಇಳಿಯಬೇಕು, ಎರಡನ್ನೂ ಹೀಗೇ ಮುಂದುವರಿಸಿ ಅಂದರು. ಊಟ ಬದಲಿಸಿದವರು ನೀವೂ ಆರರಿಂದ ಎಂಟು ವಾರ ಬಿಟ್ಟು ಒಮ್ಮೆ ರಕ್ತ ಕೊಟ್ಟು ನೋಡಿ. ಒಬ್ಬೊಬ್ಬರ ಮೈ ಒಂದೊಂದು ಥರ, ನಿಮ್ಮ ಮೈ ಮೊಟ್ಟೆಗೆ ಏನು ಹೇಳುತ್ತದೆ ಅನ್ನುವುದು ಆ ಕಾಗದದಲ್ಲೇ ಕಾಣುತ್ತದೆ. ಅಪ್ಪನ ಮುಂದಿನ ಪರೀಕ್ಷೆ ದೀಪಾವಳಿ ಕಳೆದ ಮೇಲೆ.